ಬಡವರೂ ದಾಸೋಹಿಗಳಾಗಬೇಕು

(ಧಾರವಾಡದ ಶಿವಾನುಭವ ಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ಚಿಂತನೆಗೆ ಕೊಟ್ಟಿರುವ ವಿಷಯ ‘ದಾಸೋಹ ಮತ್ತು ಸ್ವಯಂಸೇವೆ’. ಮುಂಬಯಿಯ ಪಕ್ಕದ ಒಂದು ಕೊಳಚೆಪ್ರದೇಶದಲ್ಲಿ ಬಡಮಕ್ಕಳಿಗಾಗಿ ದುಡಿಯುತ್ತಿರುವ ಯಹೂದಿ ಸೇವಾಸಂಸ್ಥೆಯೊಂದನ್ನು ಮುಂದಿಟ್ಟುಕೊಂಡು ಈ ವಿಷಯ ಮಾತನಾಡುತ್ತೇನೆ. ಮಠದ ಗೋಷ್ಠಿಯಲ್ಲಿ ಯಹೂದಿಗಳ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅವರಿಗೂ ಈ ಹುಬ್ಬಳ್ಳಿಗೂ ಒಂದು ಹಳೆಯ ಋಣಾನುಬಂಧವಿದೆ. ಅಲ್ಲಿಂದಲೇ ಶುರು ಮಾಡೋಣ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಎರಡು ವರ್ಷದೊಳಗೆ ಅದು ನಮ್ಮ ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆ ಬೇನೆಗೆ ಮುಂಬಯಿಯಲ್ಲಿ ಲಸಿಕೆ ಸಿದ್ಧಪಡಿಸಿದವರು ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. 1897ರ ಜನವರಿ 10ರಂದು ಅವರು ಆ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಬಳಿಕ ಭಾಯಖಳಾ ಜೈಲಿನ ಕೈದಿಗಳಲ್ಲಿ ತಾವಾಗಿ ಒಪ್ಪಿದವರಿಗೆ ಹಾಕಿದರು. 1898ರಲ್ಲಿ ಅದೇ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಹಾಕಲಾಯಿತು. ಇಡೀ ದೇಶದಲ್ಲೇ ಅಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡ ಮೊದಮೊದಲ ಊರುಗಳಲ್ಲಿ ನಮ್ಮದೂ ಒಂದು. ಇಲ್ಲಿ ಕುಳಿತ ಕೆಲವರ ಮುತ್ತಜ್ಜ-ಮುತ್ತಜ್ಜಿಯರು ಆ ಸಾಲಿನಲ್ಲಿ ನಿಂತಿದ್ದಿರಬಹುದು.

ಊರಿಗೆ ಹೇಳುವ ಮೊದಲು ತನ್ನ ಮೈಮೇಲೆ ಪ್ರಯೋಗಿಸಿಕೊಂಡ ಆ ನಡೆಯನ್ನು ಗಮನಿಸಿ. ನಡೆ-ನುಡಿ ಒಂದಾಗಬೇಕು ಎಂದು ಹೇಳುತ್ತಾ ಬಂದ ಧರ್ಮ ನಮ್ಮದು. ಅದನ್ನು ಯಾರು ಮಾಡಿ ತೋರಿಸಿದರೂ ನಾವು ಗೌರವಿಸಬೇಕು.

ಈಗ ಮುಂಬಯಿಯ ಸಂಸ್ಥೆಗೆ ಬರೋಣ. ಅದರ ಹೆಸರು ‘ಗೇಬ್ರಿಯಲ್ ಪ್ರಾಜೆಕ್ಟ್ ಮುಂಬೈ’. ಜೇಕಬ್ ಶ್ಟೋಕ್‌ಮನ್ ಎಂಬವರು ಉದ್ಯೋಗದ ಕೆಲಸಕ್ಕೆಂದು ಮುಂಬಯಿಗೆ ಬಂದಾಗ ಕೊಳಚೆಪ್ರದೇಶದ ಮಕ್ಕಳ ಸ್ಥಿತಿ ಕಂಡು 2012ರಲ್ಲಿ ಇದನ್ನು ಆರಂಭಿಸಿದರು. ಠಾಣೆ ಜಿಲ್ಲೆಯ ಕಳವಾ ಎಂಬಲ್ಲಿ ಕೆಲಸ ಶುರುವಾಯಿತು. ಬೇರೆ ಬೇರೆ ದೇಶಗಳ ಯಹೂದಿ ಯುವಕ-ಯುವತಿಯರು ಬಂದು ಕೆಲ ಕಾಲವಿದ್ದು, ಮಕ್ಕಳಿಗೆ ಓದು-ಬರಹ ಕಲಿಸಲು ನೆರವಾಗುತ್ತಾರೆ. ಅವರು ತಮ್ಮದೇ ಶಾಲೆ ಕಟ್ಟಿಕೊಂಡು ಕೂಡಲಿಲ್ಲ. ಅಲ್ಲಿ ಮೊದಲಿನಿಂದ ದುಡಿಯುತ್ತಿದ್ದ ಸ್ಥಳೀಯ ಸಂಸ್ಥೆಯ ತರಗತಿಗಳಿಗೆ ಹೋಗಿ, ಸ್ಥಳೀಯ ಶಿಕ್ಷಕಿಯರ ಜೊತೆ ಕೈಜೋಡಿಸಿದರು.

ಅಲ್ಲಿ ಎದುರಾದದ್ದು ನಮ್ಮೂರಿನವರಿಗೂ ಗೊತ್ತಿರುವ ಸಮಸ್ಯೆ. ಹಸಿದ ಮಗು ಪಾಠಕ್ಕೆ ಬರುವುದಿಲ್ಲ. ನಾಲ್ಕು ಕಾಸು ಸಿಗುವ ಕಡೆ ಹೋಗುತ್ತದೆ. ಆದ್ದರಿಂದ ತರಗತಿಯಲ್ಲೇ ಪೌಷ್ಟಿಕ ಊಟ ಕೊಡಬೇಕೆಂದು ಅವರು ನಿಶ್ಚಯಿಸಿದರು. ಈ ಊಟವನ್ನು ಮಾಡುವವರು ಯಾರು? ಹೊರಗಿನ ಹೋಟೆಲಿನವರಿಗೆ ಗುತ್ತಿಗೆ ಕೊಡಬಹುದಿತ್ತು. ಹಾಗೆ ಮಾಡದೆ ಅದೇ ಕೊಳಚೆಪ್ರದೇಶದ ಹೆಣ್ಣುಮಕ್ಕಳನ್ನು ಸೇರಿಸಿ ‘ಮಸಾಲಾ ಮಾಮಾ’ ಎಂಬ ಅಡುಗೆಮನೆ ಕಟ್ಟಿದರು. ಹಿಟ್ಟು ನಾದುವವರು, ಬೇಳೆ ಬೇಯಿಸುವವರು, ಡಬ್ಬಿ ತುಂಬುವವರು ಎಲ್ಲರೂ ಅದೇ ಓಣಿಯ ತಾಯಂದಿರು. ಅವರಿಗೆ ದುಡಿಮೆಯಾಯಿತು, ಮಕ್ಕಳಿಗೆ ಊಟವಾಯಿತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿನ್ನೆಯವರೆಗೆ ‘ಪಾಪ, ಬಡವರು’ ಎನಿಸಿಕೊಂಡಿದ್ದ ತಾಯಿ ಇಂದು ಊರಿನ ಮಕ್ಕಳಿಗೆ ಅನ್ನ ಹಾಕುವವಳಾದಳು. ಈಸಿಕೊಳ್ಳುವ ಕೈ ನೀಡುವ ಕೈಯಾಯಿತು.

ಇದರ ಹಿಂದೆ ಮತಾಂತರದ ಉದ್ದೇಶವಿದೆಯೇ ಎಂದು ಯಾರಾದರೂ ಕೇಳಿಯಾರು. ಅನ್ಯಮತದವರನ್ನು ಹುಡುಕಿಕೊಂಡು ಹೋಗಿ ತಮ್ಮ ಮತಕ್ಕೆ ಕರೆಯುವ ಪದ್ಧತಿ ಯಹೂದಿಗಳಲ್ಲಿ ಇಲ್ಲ. ಅವರನ್ನು ಅಲ್ಲಿಗೆ ಕರೆತಂದದ್ದು ಅವರ ಧರ್ಮದ ಒಂದು ಕಟ್ಟಳೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹೀಬ್ರೂ ಭಾಷೆಯಲ್ಲಿ ಬಡವರಿಗೆ ಕೊಡುವುದಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. ಆ ಶಬ್ದದ ಧಾತುವಿಗೆ ನ್ಯಾಯ ಎಂದು ಅರ್ಥ. ಕೊಡುವವನು ಉಪಕಾರ ಮಾಡುತ್ತಿಲ್ಲ, ತನ್ನಲ್ಲಿ ಉಳಿದುಹೋಗಿದ್ದ ಇನ್ನೊಬ್ಬರ ಪಾಲನ್ನು ಮುಟ್ಟಿಸುತ್ತಿದ್ದಾನೆ ಎಂಬ ಭಾವ ಅದರಲ್ಲಿದೆ. ಹೊಲ ಕೊಯ್ಯುವಾಗ ಮೂಲೆಗಳನ್ನು ಕೊಯ್ಯದೆ ಬಿಡಬೇಕು, ಕೆಳಗೆ ಬಿದ್ದ ತೆನೆಯನ್ನು ಒಡೆಯ ಆರಿಸಬಾರದು, ಅದು ಬಡವರದು ಎಂದು ಅವರ ಧರ್ಮಗ್ರಂಥ ವಿಧಿಸುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ತೆನೆ ಆಯುವ ಬಡವರನ್ನು ಕಂಡಿರುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಶರಣರು ಕಲ್ಯಾಣದಲ್ಲಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಮೈಮೊನಿಡೀಸ್ ಎಂಬ ಯಹೂದಿ ಪಂಡಿತರಿದ್ದರು. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ 1204ರಲ್ಲಿ ತೀರಿಕೊಂಡ ಇವರು ವೈದ್ಯರೂ ಹೌದು. ಕೊಡುವುದರಲ್ಲಿ ಎಂಟು ಮೆಟ್ಟಿಲುಗಳಿವೆ ಎಂದು ಅವರು ಬರೆದರು. ಮನಸ್ಸಿಲ್ಲದೆ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮೊದಲೇ ಕೊಡುವುದು ಮೇಲು. ಕೊಟ್ಟವರಾರೆಂದು ಪಡೆದವನಿಗೂ, ಪಡೆದವರಾರೆಂದು ಕೊಟ್ಟವನಿಗೂ ತಿಳಿಯದಂತೆ ಕೊಡುವುದು ಇನ್ನೂ ಮೇಲು. ತುತ್ತತುದಿಯ ಮೆಟ್ಟಿಲು ಯಾವುದು? ಸಾಲ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ, ಉದ್ಯೋಗ ಹುಡುಕಿಕೊಟ್ಟೋ ಅವನು ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದು. ದಾನದ ಮೇಲೆ ಬದುಕುವವನೂ ತನಗೆ ಬಂದುದರಲ್ಲಿ ಒಂದಿಷ್ಟು ಬೇರೆಯವರಿಗೆ ಕೊಡಬೇಕೆಂಬ ಇನ್ನೊಂದು ನಿಯಮವೂ ಅವರಲ್ಲಿದೆ.

ಈ ಕೊನೆಯ ಮಾತು ಕೇಳಿದಾಗ ನಿಮ್ಮ ಕಣ್ಣಮುಂದೆ ಯಾರು ಬಂದರು? ನನಗಂತೂ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿ ಬಂದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು, ಇಷ್ಟೇಕೆ, ಮೊದಲಿದ್ದಲ್ಲಿಗೇ ಸುರಿದು ಬನ್ನಿ ಎಂದರು. ಇಷ್ಟು ಕಥೆಯನ್ನು ನಾವೆಲ್ಲ ಹೇಳುತ್ತೇವೆ, ನಾಟಕವಾಡಿಸುತ್ತೇವೆ. ಮುಂದಿನ ಭಾಗವನ್ನು ಮರೆಯುತ್ತೇವೆ. ಆ ಆಯ್ದ ಅಕ್ಕಿಯಲ್ಲೇ ಅವರು ಬಸವಣ್ಣನವರನ್ನೂ ಜಂಗಮ ಸಮೂಹವನ್ನೂ ತಮ್ಮ ಮನೆಗೆ ಕರೆದು ದಾಸೋಹ ಮಾಡಿದರು. ಕಲ್ಯಾಣದ ಮಂತ್ರಿ ನೀಡುವವನಾಗಿ, ಅಕ್ಕಿ ಆಯುವವ ಈಸಿಕೊಳ್ಳುವವನಾಗಿ ಉಳಿದಿದ್ದರೆ ಅದು ದಾನವಾಗುತ್ತಿತ್ತು. ಅಕ್ಕಿ ಆಯುವವನ ಮನೆಯ ಪಂಕ್ತಿಯಲ್ಲಿ ಮಂತ್ರಿ ಕುಳಿತದ್ದರಿಂದ ಅದು ದಾಸೋಹವಾಯಿತು.

ಬಂಧುಗಳೇ, ಇಂದು ನಾನು ಹೇಳಬೇಕೆಂದು ಬಂದದ್ದು ಇದೊಂದೇ. ಬಡವರಿಗೆ ದಾಸೋಹ ಮಾಡಿದರೆ ಸಾಲದು. ಬಡವರು ದಾಸೋಹ ಮಾಡುವಂತಾಗಬೇಕು.

ಈ ದಾರಿ ನಮ್ಮ ನಾಡಿಗೆ ಹೊಸದಲ್ಲ. ಇದೇ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ನಡೆಸಿದರು. ಹಳ್ಳಿಯ ಬಡ ಹುಡುಗರು ಅಲ್ಲಿ ಉಂಡು, ಓದಿ, ಮಾಸ್ತರರಾದರು, ವಕೀಲರಾದರು. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಬೆಳೆಸಿದ ಅಂಧ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅವರು ಮತ್ತು ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನದ ಜೊತೆ ಸಂಗೀತ ಕೊಟ್ಟರು. ಆ ಮಕ್ಕಳು ಭಿಕ್ಷೆಗೆ ಹೋಗಲಿಲ್ಲ; ಹಾಡುಗಾರರಾಗಿ, ಸಂಗೀತ ಶಿಕ್ಷಕರಾಗಿ ತಮ್ಮ ಕಾಯಕದ ಮೇಲೆ ನಿಂತರು. ಮೈಮೊನಿಡೀಸ್ ಹೇಳಿದ ತುದಿಯ ಮೆಟ್ಟಿಲನ್ನು ನಮ್ಮ ಪೂಜ್ಯರು ಹತ್ತಿ ತೋರಿಸಿದ್ದಾರೆ.

ನಾವು ಈಗ ಯಾವ ಮೆಟ್ಟಿಲ ಮೇಲಿದ್ದೇವೆ? ನಾಲ್ಕು ನೋಟಬುಕ್ಕು ಕೊಡುವಾಗ ಎಂಟು ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ನಡುವೆ ನಿಂತ ಆ ಹುಡುಗಿ ನಾಳೆ ತನ್ನ ಶಾಲೆಗೆ ಹೋಗಬೇಕು, ಗೆಳತಿಯರ ಮುಖ ನೋಡಬೇಕು ಎಂಬುದು ನಮಗೆ ಹೊಳೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಅನ್ನಸಂತರ್ಪಣೆ ಮಾಡಿಸಿ, ದೇಣಿಗೆದಾರರ ಹೆಸರಿನ ಫಲಕವನ್ನು ಊಟದ ಸಾಲಿನ ಎದುರಿಗೇ ಹಾಕುತ್ತೇವೆ. ನಸುಕಿನಲ್ಲಿ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ತಾಯಿಗೆ ಸೀರೆ ಉಡಿಸಿ ಸನ್ಮಾನ ಮಾಡುತ್ತೇವೆ. ಅವಳು ಮಾಡಿದ ಅಡುಗೆಯನ್ನು ಅವಳ ಮನೆಯಲ್ಲಿ ಕುಳಿತು ಉಣ್ಣಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೇವೆ? ಹರಳಯ್ಯ, ಮಾದಾರ ಚೆನ್ನಯ್ಯನವರ ಹೆಸರು ಹೇಳುವ ನಾಲಿಗೆಗೆ ಆ ಊಟ ರುಚಿಸಲೇಬೇಕು. ಅಲ್ಲಿಯವರೆಗೆ ನಾವು ಮಾಡುವುದು ದಾನವೇ, ದಾಸೋಹವಲ್ಲ.

ಹಾಗೆಂದು ಯಹೂದಿಗಳು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಪುಣೆಯ ಸಸೂನ್ ಆಸ್ಪತ್ರೆಯ ಹೆಸರು ಕೇಳಿದ್ದೀರಿ. ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಡೇವಿಡ್ ಸಸೂನ್ ಎಂಬ ಯಹೂದಿ ವ್ಯಾಪಾರಿಯ ದೇಣಿಗೆ ಅದು. ಜಾತಿ-ಮತ ನೋಡದೆ ಅಲ್ಲಿ ಬಡವರಿಗೆ ಔಷಧೋಪಚಾರವಾಯಿತು. ಆದರೆ ಆ ಮನೆತನದ ಸಂಪತ್ತಿನಲ್ಲಿ ಚೀನಕ್ಕೆ ಮಾರಿದ ಅಫೀಮಿನ ಹಣವೂ ಇತ್ತು. ಶರಣರು ಕೊಡುವ ಮಾತಿಗೆ ಮೊದಲು ಗಳಿಸುವ ಮಾತನ್ನು ಎತ್ತಿದರು. ಸತ್ಯಶುದ್ಧ ಕಾಯಕದಿಂದ ಬಂದುದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ ಎಂಬ ನಮ್ಮ ಅಳತೆಗೋಲು ಬಹಳ ಕಟ್ಟುನಿಟ್ಟಿನದು. ಅದನ್ನು ಸಸೂನರಿಗೆ ಹಿಡಿದ ಮೇಲೆ ನಮ್ಮೂರಿನ ದೇಣಿಗೆಗಳಿಗೂ ಹಿಡಿಯಬೇಕು. ಕೂಲಿಯವನ ಪಗಾರ ಮುರಿದುಕೊಂಡ ಹಣದಲ್ಲಿ ಕಟ್ಟಿಸಿದ ದಾಸೋಹ ಭವನಕ್ಕೆ ಎಷ್ಟು ಬಣ್ಣ ಹಚ್ಚಿದರೂ ಅದು ಶುದ್ಧವಾಗುವುದಿಲ್ಲ.

ಸ್ವಯಂಸೇವೆಯ ಮಿತಿಯನ್ನೂ ಹೇಳಬೇಕು. ದೂರದಿಂದ ಬಂದವರು ಕೆಲವು ತಿಂಗಳಿಗೆ ಹೊರಟುಹೋಗುತ್ತಾರೆ. ಹಚ್ಚಿಕೊಂಡ ಮಕ್ಕಳು ದಾರಿ ನೋಡುತ್ತವೆ. ಕೆಲಸ ಉಳಿಯುವುದು ಅಲ್ಲಿಯ ಶಿಕ್ಷಕಿಯರಿಂದ, ಅಡುಗೆಯ ತಾಯಂದಿರಿಂದ. ಆ ದೃಷ್ಟಿಯಿಂದ ನಾವು ಪುಣ್ಯವಂತರು. ನಮ್ಮ ಬಡವರು ಕಡಲಾಚೆ ಇಲ್ಲ, ಎರಡು ಓಣಿ ಆಚೆ ಇದ್ದಾರೆ. ಬರಗಾಲಕ್ಕೆ ಊರು ಬಿಟ್ಟು ಬಂದು ಕಟ್ಟಡದ ಕೆಲಸಕ್ಕೆ ನಿಂತವರು, ಗುಜರಿ ಆಯುವವರು, ಮನೆಗೆಲಸದ ಅಕ್ಕಂದಿರು ನಮ್ಮ ಭಾಷೆಯನ್ನೇ ಆಡುತ್ತಾರೆ. ವಾರಕ್ಕೆ ಎರಡು ತಾಸು ಅವರ ಬಳಿ ಹೋಗಲು ವಿಮಾನ ಹತ್ತಬೇಕಿಲ್ಲ.

ಹೋಗಿ ಮಾಡುವುದೇನು? ಮೂರು ಕೆಲಸ ಸೂಚಿಸುತ್ತೇನೆ.

ಮೊದಲನೆಯದು ಓದು. ನಮ್ಮ ಬಸವ ಕೇಂದ್ರಗಳು, ಅಕ್ಕನ ಬಳಗಗಳು ಸಂಜೆ ಬಾಗಿಲು ತೆರೆದು, ಓಣಿಯ ಮಕ್ಕಳಿಗೆ ಓದಿಸಲಿ. ನಿವೃತ್ತ ಶಿಕ್ಷಕರು ನಮ್ಮ ಧಾರವಾಡದಲ್ಲಿ ಇರುವಷ್ಟು ಇನ್ನೆಲ್ಲಿದ್ದಾರೆ? ಬರುವ ಮಗು ಯಾವ ಜಾತಿಯದು ಎಂದು ಕೇಳುವ ಬಾಯಿ ಮಾತ್ರ ಅಲ್ಲಿರಬಾರದು.

ಎರಡನೆಯದು ಅರ್ಜಿ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ ಇವೆಲ್ಲ ಬಡವರ ಹಕ್ಕು. ಕಾಗದಪತ್ರ ಹೊಂದಿಸಲಾರದೆ, ನಾಡಕಚೇರಿಗೆ ನಾಲ್ಕು ಸಲ ತಿರುಗಿ ಕೈಬಿಟ್ಟ ಅಜ್ಜ-ಅಮ್ಮಂದಿರಿದ್ದಾರೆ. ಅರ್ಜಿ ತುಂಬಿಕೊಟ್ಟು, ಜೊತೆಗೆ ಹೋಗಿ ಬರುವುದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಇದೇ ನಿಜವಾದ ‘ತ್ಸೆದಾಕಾ’: ಅವರ ಪಾಲನ್ನು ಅವರಿಗೆ ಮುಟ್ಟಿಸುವುದು.

ಮೂರನೆಯದು ರೊಟ್ಟಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ಬಂಡಿಗಟ್ಟಲೆ ರೊಟ್ಟಿ ಬರುವುದನ್ನು ನೋಡಿದ್ದೀರಿ. ಅದನ್ನು ತಟ್ಟಿದ ಕೈಗಳಲ್ಲಿ ಬಡವರ ಕೈಗಳೂ ಇವೆ. ಕೊಡಬಲ್ಲೆವೆಂಬ ಹೆಮ್ಮೆ ಆ ಕೈಗಳಿಗಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸಂಸಾರ ತೂಗಿಸುವ ತಾಯಂದಿರ ಸಂಘಗಳು ಎಷ್ಟೋ ಇವೆ. ನಮ್ಮ ಮದುವೆ, ಗೃಹಪ್ರವೇಶ, ಶಿವಾನುಭವದ ಪ್ರಸಾದಕ್ಕೆ ಅವರಿಂದಲೇ ರೊಟ್ಟಿ ಕೊಳ್ಳೋಣ. ಚೌಕಾಸಿ ಮಾಡದೆ ಕೊಳ್ಳೋಣ. ವರ್ಷಕ್ಕೊಂದು ದಿನ ಅವರೇ ದಾಸೋಹಿಗಳಾಗಿ ಬಡಿಸಲಿ, ನಾವು ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸೋಣ.

ಹೋಗುವವರಿಗೆ ಎರಡು ಮಾತು. ಏನು ಬೇಕೆಂದು ಅವರನ್ನು ಕೇಳಿ, ಆಮೇಲೆ ಕೆಲಸ ಶುರು ಮಾಡಿ. ಮಾಡುವಾಗ ಮೊಬೈಲು ಕಿಸೆಯಲ್ಲಿರಲಿ. ಹುಮ್ಮಸ್ಸಿನಿಂದ ಒಂದು ದಿನ ನೂರು ಜನ ಹೋಗುವುದಕ್ಕಿಂತ ವರ್ಷವಿಡೀ ನಾಲ್ವರು ತಪ್ಪದೆ ಹೋಗುವುದು ಲೇಸು.

ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ಪ್ರತಿಯೊಬ್ಬರೂ ಬರಿಗೈಲಿ ಬರದೆ, ತಮ್ಮ ಓಣಿಯ ಒಂದು ಮನೆಯ ಅರ್ಜಿಯನ್ನೋ ಒಂದು ಮಗುವಿನ ಹೆಸರನ್ನೋ ಹೊತ್ತು ತನ್ನಿ. ಹೆಸರು ಬರೆದುಕೊಳ್ಳಲು ಇಲ್ಲಿ ಒಂದು ವಹಿ ಇಡೋಣ. ಇದಕ್ಕೆ ಪೂಜ್ಯರು ಆಶೀರ್ವದಿಸಬೇಕೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.