ಮನೆ ಮುಟ್ಟಿದ ಮೇಲೂ ತಲೆ ಎಣಿಸೋಣ

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ
ಶುಭಸಂದೇಶ: ಲೂಕ 2:41-52



ಕ್ರಿಸ್ಮಸ್ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ದೀಪಗಳು ಉರಿಯುತ್ತಲೇ ಇವೆ, ಡಬ್ಬಿಯ ತಳದಲ್ಲಿ ಕರ್ಚಿಕಾಯಿ ಉಳಿದಿವೆ, ಮಕ್ಕಳಿಗೆ ರಜೆ ಇದೆ. ಇಂತಹ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎರಡು ಆಸೆಗಳು ಒಟ್ಟಿಗೆ ಏಳುತ್ತವೆ. ಎಲ್ಲರೂ ಸೇರಿ ಎಲ್ಲಿಗಾದರೂ ಒಂದು ದಿನ ಹೋಗಿ ಬರಬೇಕು ಎಂಬುದು ಮೊದಲನೆಯದು. ಹಬ್ಬದ ಓಡಾಟದಲ್ಲಿ ತಪ್ಪಿಹೋದ ಧಾರಾವಾಹಿಯ ಕಂತುಗಳನ್ನೆಲ್ಲ ಕುಳಿತು ನೋಡಿ ಮುಗಿಸಬೇಕು ಎಂಬುದು ಎರಡನೆಯದು. ಎರಡರಲ್ಲೂ ತಪ್ಪೇನಿಲ್ಲ. ವರ್ಷವಿಡೀ ದುಡಿದ ಜೀವಕ್ಕೆ ವಿಶ್ರಾಂತಿ ಬೇಕು, ನಗು ಬೇಕು.

ಇಂದಿನ ಶುಭಸಂದೇಶವೂ ಒಂದು ಪ್ರಯಾಣದ ಕಥೆಯೇ. ಪಾಸ್ಖ ಹಬ್ಬಕ್ಕೆಂದು ನಜರೇತಿನಿಂದ ಜೆರುಸಲೇಮಿಗೆ ಮರಿಯಮ್ಮನವರೂ ಜೋಸೆಫರೂ ಪ್ರತಿ ವರ್ಷ ಹೋಗುತ್ತಿದ್ದರು. ಅದು ಭಕ್ತಿಯ ಯಾತ್ರೆ ನಿಜ. ಆದರೆ ನೆಂಟರು, ಪರಿಚಯದವರು, ಮಕ್ಕಳು, ಬುತ್ತಿಗಂಟು ಎಲ್ಲ ಜೊತೆಗಿದ್ದ ಮೇಲೆ ಅದರಲ್ಲಿ ಸಂತೋಷವೂ ಇದ್ದೇ ಇತ್ತು. ಹೋಗುವಾಗ ಏನೂ ಆಗಲಿಲ್ಲ. ತೊಂದರೆಯಾದದ್ದು ತಿರುಗಿ ಬರುವಾಗ. ಬಾಲ ಯೇಸು ಗುಂಪಿನಲ್ಲಿ ಎಲ್ಲೋ ಇರಬೇಕು ಎಂದುಕೊಂಡು ಅವರು ಒಂದು ದಿನದ ದಾರಿ ನಡೆದುಬಿಟ್ಟರು. ಪ್ರಿಯರೇ, "ಎಲ್ಲೋ ಇರಬೇಕು" ಎಂಬ ಈ ಮಾತನ್ನೇ ಇಂದು ಧ್ಯಾನಿಸೋಣ. ಅವರದು ಪ್ರೀತಿ ಇಲ್ಲದ ಮನೆಯಲ್ಲ, ಅದು ಪವಿತ್ರ ಕುಟುಂಬ. ಅಂತಹ ಮನೆಯಲ್ಲೂ ಒಬ್ಬರು ಜೊತೆಗಿದ್ದಾರೆ ಎಂದು ಭಾವಿಸಿಕೊಂಡೇ ಒಂದು ಇಡೀ ದಿನ ಕಳೆದುಹೋಯಿತು.

ಹೋದ ವರ್ಷ ಕ್ರಿಸ್ಮಸ್ ರಜೆಯಲ್ಲಿ ನಮಗೂ ಹೀಗೇ ಆಯಿತು. ಅಸುಂಡಿಯ ಒಂದು ಮನೆಯವರು ನಮ್ಮನ್ನೂ ಕರೆದುಕೊಂಡು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೊರಟರು. ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಹೋಗೋಣವೆಂದು ಮಕ್ಕಳು ಹಠ ಮಾಡಿದರೂ, ಚಳಿಗಾಲದಲ್ಲಿ ಮಾಗಡಿಯ ಹಕ್ಕಿಗಳನ್ನು ನೋಡುವುದೇ ಚೆಂದ ಎಂದು ಹಿರಿಯರು ತೀರ್ಮಾನಿಸಿದರು. ನಮ್ಮ ಸೀಮೆಗೆ ಇದು ಹೊಸದಲ್ಲ. ಎಳ್ಳ ಅಮವಾಸ್ಯೆ ಬಂದರೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಎಲ್ಲರೂ ಕುಳಿತು ಉಣ್ಣುವ ನಾಡು ನಮ್ಮದು. ಅಂದು ಕೂಡ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡು ಹೋದೆವು.

ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಸುಮಾರು 50 ಹೆಕ್ಟೇರಿನ ಆ ನೀರಿಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನೇ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ಕೆರೆಯಲ್ಲಿ ವಿಶ್ರಮಿಸುತ್ತವೆ. ಅವುಗಳದೊಂದು ಗುಣ ನಮ್ಮ ಮನಸ್ಸಿಗೆ ಹಿಡಿಸಿತು. ಆ ವರ್ಷ ಹುಟ್ಟಿದ ಮರಿಗಳು ಮೊದಲ ಚಳಿಗಾಲವೆಲ್ಲ ತಾಯಿತಂದೆಯ ಜೊತೆಯಲ್ಲೇ ಇರುತ್ತವೆ. ಹಾರುವಾಗ ಒಂದನ್ನೊಂದು ಕೂಗಿ ಕರೆಯುತ್ತಲೇ ಇರುತ್ತವೆ. ಆ ಗದ್ದಲ ನಮಗೆ ಬರೀ ಸದ್ದು. ಅವುಗಳಿಗೋ, ನೀನಿದ್ದೀಯಾ, ನಾನಿದ್ದೇನೆ ಎಂಬ ಮಾತು.

ಸಾಯಂಕಾಲ ಗಾಡಿ ಹತ್ತುವ ಮುಂಚೆ ಮನೆಯ ಯಜಮಾನರು ತಲೆ ಎಣಿಸಿದರು. ಹದಿನೇಳು ಮಂದಿ ಬಂದಿದ್ದೆವು, ಹದಿನೇಳೂ ಮಂದಿ ಇದ್ದೆವು. ಲೆಕ್ಕ ಸರಿಯಾಯಿತೆಂದು ಎಲ್ಲರಿಗೂ ಸಮಾಧಾನ.

ಅಸುಂಡಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕೈಕಾಲು ತೊಳೆದವರೇ ಟಿ.ವಿ. ಮುಂದೆ ಕುಳಿತರು. ಹಬ್ಬದ ವಾರದಲ್ಲಿ ತಪ್ಪಿದ ಧಾರಾವಾಹಿಯ ಕಂತುಗಳು ಒಂದಾದ ಮೇಲೊಂದು ಓಡತೊಡಗಿದವು. ಯುವಕರು ಮೊಬೈಲಿನಲ್ಲಿ ಕ್ರಿಕೆಟ್ ನೋಡಿದರು, ಮಕ್ಕಳು ಕಾರ್ಟೂನ್ ನೋಡಿದರು. ಸುಳ್ಳೇಕೆ ಹೇಳಬೇಕು, ನಾವೂ ಹಾಡಿನ ಸ್ಪರ್ಧೆಯ ಒಂದು ಕಂತಿನಲ್ಲಿ ಮುಳುಗಿಬಿಟ್ಟಿದ್ದೆವು.

ಆ ಮನೆಯ ಅಜ್ಜಿ ಅಂದು ನಮ್ಮ ಜೊತೆ ಬಂದಿರಲಿಲ್ಲ. ಮೊಣಕಾಲು ನೋವು, ಗಾಡಿ ಹತ್ತಲಾಗದು. ಬೆಳಗಿನಿಂದ ಒಬ್ಬರೇ ಮನೆ ಕಾದಿದ್ದರು. ಮೂಲೆಯಿಂದ ಕೇಳಿದರು, "ಹಕ್ಕಿ ಬಂದಾವೇನ್ರಿ ಫಾದರ್, ಈ ವರ್ಷ?" ನಾವು ಪರದೆಯಿಂದ ಕಣ್ಣು ತೆಗೆಯದೆ, "ಬಂದಾವ್ರಿ, ಭಾಳ ಬಂದಾವ" ಎಂದೆವು. ಅವರು ಇನ್ನೇನೋ ಕೇಳಲು ಹೊರಟರು. "ತಡಿ ಬೇ ಆಯಿ, ಇದೊಂದು ಮುಗೀಲಿ" ಎಂದ ಮೊಮ್ಮಗ. ಅವರು ಸುಮ್ಮನಾದರು. ಕಂತು ಮುಗಿಯಿತು, ಇನ್ನೊಂದು ಶುರುವಾಯಿತು. ಊಟದ ಹೊತ್ತಿಗೆ ನೋಡಿದರೆ ಅಜ್ಜಿ ಜಪಸರ ಹಿಡಿದುಕೊಂಡೇ ಮಲಗಿಬಿಟ್ಟಿದ್ದರು.

ಕೆರೆಯ ದಂಡೆಯಲ್ಲಿ ತಲೆ ಎಣಿಸಿದ ನಾವು ಮನೆಯೊಳಗೆ ಎಣಿಸಲಿಲ್ಲ. ಎಣಿಸಿದ್ದರೆ ಹದಿನೆಂಟು ಆಗಬೇಕಿತ್ತು.

ಪ್ರಿಯರೇ, ಟಿ.ವಿ.ಯನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಅದು ನಮ್ಮನ್ನು ಕೂಡಿಸಿದ ಕಾಲವೂ ಇತ್ತು. 1987-88ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ನಾವಿನ್ನೂ ಚಿಕ್ಕವರು. ಓಣಿಗೊಂದು ಟಿ.ವಿ., ರವಿವಾರ ಬೆಳಿಗ್ಗೆ ಓಣಿಯೆಲ್ಲ ಅದೊಂದೇ ಮನೆಯಲ್ಲಿ. ಯಾವ ಜಾತಿ, ಯಾವ ಧರ್ಮ ಎಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ. ಮುಂದೆ ಟಿ.ಎನ್. ಸೀತಾರಾಮ್ ಅವರ ಮಾಯಾಮೃಗ ಬಂತು. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಟ್ಟ ಎದೆ ತುಂಬಿ ಹಾಡುವೆನು ಬಂತು. ಒಂದು ಕಂತು ತಪ್ಪಿತೆಂದರೆ ಮರುದಿನ ನಳದ ಹತ್ತಿರ, ಬಾವಿಕಟ್ಟೆಯಲ್ಲಿ, "ನಿನ್ನೆ ಏನಾತು?" ಎಂದು ಕೇಳಬೇಕಿತ್ತು. ಹೇಳುವವರು ಅದಕ್ಕೆ ತಮ್ಮದೂ ಎರಡು ಮಾತು ಸೇರಿಸಿ ಹೇಳುತ್ತಿದ್ದರು. ಹಾಗೆ ತಪ್ಪಿದ ಕಂತು ಕೂಡ ಒಂದು ಮಾತುಕತೆಗೆ ಕಾರಣವಾಗುತ್ತಿತ್ತು. ಈಗ ಯಾವ ಕಂತೂ ತಪ್ಪುವುದಿಲ್ಲ, ಮೊಬೈಲಿನಲ್ಲಿ ಎಲ್ಲವೂ ಕಾದಿರುತ್ತದೆ. ಹಾಗಾಗಿ "ನಿನ್ನೆ ಏನಾತು?" ಎಂದು ಕೇಳುವ ಪ್ರಸಂಗವೇ ಕಡಿಮೆಯಾಗಿದೆ.

ಟಿ.ವಿ.ಗೂ ಒಬ್ಬ ಪಾಲಕ ಸಂತರಿದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಅವರು ಅಸ್ಸಿಸಿಯ ಸಂತ ಕ್ಲಾರಾ. 1252ರ ಕ್ರಿಸ್ಮಸ್ ರಾತ್ರಿ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಮಠದ ಸಹೋದರಿಯರೆಲ್ಲ ಪ್ರಾರ್ಥನೆಗೆ ಹೋದರು, ಇವರೊಬ್ಬರೇ ಕೋಣೆಯಲ್ಲಿ ಉಳಿದರು. ಆಗ ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ಮಲಗಿದಲ್ಲೇ ಕಂಡು ಕೇಳುವ ಭಾಗ್ಯವನ್ನು ದೇವರು ಅವರಿಗೆ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಈ ಕಾರಣದಿಂದಲೇ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1958ರಲ್ಲಿ ಅವರನ್ನು ಟಿ.ವಿ.ಯ ಪಾಲಕಿಯೆಂದು ಘೋಷಿಸಿದರು. ಯೋಚಿಸಿ ನೋಡಿ: ಹೋಗಲಾರದೆ ಹಿಂದೆ ಉಳಿದವರಿಗೆ ದೂರದ್ದನ್ನು ಹತ್ತಿರ ತಂದುಕೊಡುವುದೇ ಈ ಸಾಧನದ ಪುಣ್ಯ. 2020ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಕ್ಲಾರಾ ಅವರಂತೆಯೇ ಮನೆಯಲ್ಲಿ ಕುಳಿತು ಪರದೆಯ ಮೇಲೆ ಬಲಿಪೂಜೆ ಕಂಡೆವು. ಆದರೆ ಅಸುಂಡಿಯ ಆ ಸಾಯಂಕಾಲ ಹಿಂದೆ ಉಳಿದ ಒಬ್ಬರಿಗೆ ದೂರದ್ದನ್ನು ತಂದುಕೊಡಬೇಕಾದವರು ನಾವೇ ಆಗಿದ್ದೆವು. ಕೆರೆಯನ್ನು ಕಣ್ಣಲ್ಲಿ ತುಂಬಿಕೊಂಡು ಬಂದಿದ್ದೆವು, ಆದರೆ ಅವರಿಗೆ ಕೊಡಲಿಲ್ಲ.

ಜಗದ್ಗುರು ದ್ವಿತೀಯ ಜಾನ್ ಪಾಲರು 1994ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಟಿ.ವಿ. ಮತ್ತು ಕುಟುಂಬ ಎಂಬ ವಿಷಯಕ್ಕೇ ಮೀಸಲಿಟ್ಟಿದ್ದರು. ಮಕ್ಕಳೊಂದಿಗೆ ನೋಡಿದ್ದರ ಬಗ್ಗೆ ಮಾತನಾಡಿ, ಬೇಕಾದಾಗ ಅದನ್ನು ಆರಿಸಿಯೂ ಬಿಡಿ ಎಂಬುದು ತಂದೆತಾಯಂದಿರಿಗೆ ಅವರು ಹೇಳಿದ ಬುದ್ಧಿಮಾತಿನ ಸಾರ. ಮೂವತ್ತು ವರ್ಷ ಕಳೆದರೂ ಆ ಮಾತು ಹಳತಾಗಿಲ್ಲ.

ಮರಿಯಮ್ಮನವರೂ ಜೋಸೆಫರೂ ಏನು ಮಾಡಿದರು? ಮಗನಿಲ್ಲವೆಂದು ಗೊತ್ತಾದ ಕೂಡಲೇ ನೆಂಟರಲ್ಲಿ ಹುಡುಕಿದರು, ನಡೆದ ದಾರಿಯನ್ನೇ ಹಿಂದಕ್ಕೆ ನಡೆದರು. ಮೂರನೆಯ ದಿನ ಕಂಡದ್ದೇನು? ಬಾಲ ಯೇಸು ಮಹಾದೇವಾಲಯದಲ್ಲಿ ಹಿರಿಯರ ನಡುವೆ ಕುಳಿತು ಅವರ ಮಾತು ಕೇಳುತ್ತಿದ್ದರು, ಪ್ರಶ್ನೆ ಹಾಕುತ್ತಿದ್ದರು. ನಮ್ಮ ಮಕ್ಕಳು ಮನೆಯ ಹಿರಿಯರ ಬಳಿ ಕುಳಿತು ಪ್ರಶ್ನೆ ಕೇಳಿ ಎಷ್ಟು ದಿನವಾಯಿತು?

ಮರುದಿನ ಅಜ್ಜಿಗೆ ಪರಮಪ್ರಸಾದ ಕೊಡಲು ನಾವು ಆ ಮನೆಗೆ ಹೋದೆವು. ಪ್ರಾರ್ಥನೆ ಮುಗಿದ ಮೇಲೆ ಅವರ ಹಾಸಿಗೆಯ ಪಕ್ಕ ಕುಳಿತು, "ಅಜ್ಜಿ, ನಿನ್ನೆ ನೀವು ಏನೋ ಕೇಳಬೇಕಂತಿದ್ರಿ" ಎಂದೆವು. ಅವರ ಮುಖ ಅರಳಿತು. ಅವರ ತವರೂರು ಮಾಗಡಿಯ ಸಮೀಪವಂತೆ. ಚಿಕ್ಕವರಿದ್ದಾಗ ತಂದೆಯ ಜೊತೆ ಕಡಲೆ ಹೊಲದಲ್ಲಿ ಹಕ್ಕಿ ಕಾಯಲು ರಾತ್ರಿ ಮಲಗುತ್ತಿದ್ದರಂತೆ. "ಹಕ್ಕಿ ಬರೂ ಸಪ್ಪಳಾ ಕೇಳಿ ನಮ್ಮಪ್ಪ ಕಂಬಳಿ ಹೊದಿಸಿ, ಮಕ್ಕೋ ಮಗಳ, ಅವೂ ಹಸದ ಬಂದಾವ ಅಂತಿದ್ದ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಮಗನೂ ಮೊಮ್ಮಗನೂ ಈ ಕಥೆಯನ್ನು ಹಿಂದೆಂದೂ ಕೇಳಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವರು! ಮೊಮ್ಮಗ ಮೆಲ್ಲಗೆ ಬಂದು ಅವರ ಕಾಲ ಬಳಿ ಕುಳಿತು, "ಆಮ್ಯಾಲೆ ಏನಾತು ಆಯಿ?" ಎಂದ.

ಸಹೋದರ ಸಹೋದರಿಯರೇ, ಧಾರಾವಾಹಿಯ ಕಂತು ನಾಳೆಯೂ ಸಿಗುತ್ತದೆ. ಅಜ್ಜಿಯ ಕಥೆ ನಾಳೆ ಸಿಗುತ್ತದೆ ಎನ್ನುವ ಭರವಸೆ ಇಲ್ಲ. ನಮಗೆ ಸಿಕ್ಕಿದ್ದು ದೇವರ ಕೃಪೆ.

ಆದುದರಿಂದ ಈ ಹಬ್ಬದಂದು ದೊಡ್ಡ ಪ್ರತಿಜ್ಞೆಗಳು ಬೇಡ. ಪ್ರವಾಸಕ್ಕೆ ಹೋಗಿರಿ, ಕೆರೆ ನೋಡಿರಿ, ಲಕ್ಕುಂಡಿಯ ಶಿಲ್ಪ ನೋಡಿರಿ, ಗಿರಮಿಟ್ಟು ಮಿರ್ಚಿ ತಿಂದು ಬನ್ನಿರಿ. ನಿಮಗೆ ಇಷ್ಟವಾದ ಕಾರ್ಯಕ್ರಮವನ್ನೂ ನೋಡಿರಿ. ಆದರೆ ಮನೆ ಮುಟ್ಟಿದ ಮೇಲೆ, ಟಿ.ವಿ. ಹಚ್ಚುವ ಮುಂಚೆ, ಇನ್ನೊಮ್ಮೆ ತಲೆ ಎಣಿಸಿರಿ. ಹೋಗಲಾರದೆ ಉಳಿದವರ ಹತ್ತಿರ ಅರ್ಧ ತಾಸು ಕುಳಿತು ಕಂಡದ್ದನ್ನು ಹೇಳಿರಿ, ಅವರು ಹೇಳುವುದನ್ನು ಕೇಳಿರಿ. ಅವರಿಗೆ ಇಷ್ಟವಾದ ಧಾರಾವಾಹಿಯನ್ನು ಅವರ ಜೊತೆಗೇ ಕುಳಿತು ನೋಡಿದರೂ ಸರಿಯೇ. "ಎಲ್ಲೋ ಇರಬೇಕು" ಎಂದುಕೊಂಡು ಮುಂದೆ ನಡೆಯುವುದು ಬೇಡ.

ನಜರೇತಿನ ಪವಿತ್ರ ಕುಟುಂಬವೇ, ನಮ್ಮ ಮನೆಯಲ್ಲಿದ್ದೂ ನಾವು ಕಳೆದುಕೊಂಡವರನ್ನು ಹುಡುಕಿ ಕಾಣುವ ಕಣ್ಣನ್ನು ನಮಗೆ ದಯಪಾಲಿಸಿ. ಆಮೆನ್.