ಹೊರನಾಡಿಗರು ಕಂಡ ವಿ. ವಿ. ಗಿರಿ

(ವಿಶಾಖಪಟ್ಟಣದಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ಮಾತು, ಬಸವಣ್ಣನವರ ಮಾತು, ಆಲೂರು ವೆಂಕಟರಾಯರ ಮಾತು ಬರುವುದು ವಾಡಿಕೆ. ತೆಲುಗರೊಬ್ಬರ ವಿಷಯ ಹೇಳುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಅನುಮಾನಿಸಿದರು. ನಾನು ಸಾಹಿತಿಯಲ್ಲ, ಇತಿಹಾಸಜ್ಞನೂ ಅಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಏಳು ವರ್ಷ ವಿಜಯವಾಡದಲ್ಲಿದ್ದು, ವರ್ಗವಾಗಿ ಈ ಊರಿಗೆ ಬಂದೆ. ಬಂದ ಹೊಸದರಲ್ಲಿ ಮಗಳನ್ನು ಶಾಲೆಗೆ ಸೇರಿಸುವ ಅರ್ಜಿ ತುಂಬುತ್ತಿದ್ದಾಗ "ಸ್ವಸ್ಥಳ" ಎಂಬ ಕಾಲಂ ಎದುರಾಯಿತು. ಶಿವಮೊಗ್ಗ ಎಂದು ಬರೆಯಹೊರಟೆ. ಪಕ್ಕದಲ್ಲಿದ್ದ ಮಗಳು, "ಅಪ್ಪ, ನಾನು ಹುಟ್ಟಿದ್ದು ವಿಜಯವಾಡದಲ್ಲಿ ಅಲ್ಲವಾ?" ಎಂದಳು. ನನ್ನ ಪೆನ್ನು ಅಲ್ಲೇ ನಿಂತಿತು.

ಮನುಷ್ಯ ಎಲ್ಲಿಯವನು? ಅಜ್ಜ ಹುಟ್ಟಿದ ಊರಿನವನೋ, ತಾನು ದುಡಿದು ಬಾಳುವ ಊರಿನವನೋ? ನಮ್ಮಂಥ ಹೊರನಾಡಿಗರನ್ನು ಕಾಡುವ ಈ ಪ್ರಶ್ನೆ ವರಾಹಗಿರಿ ವೆಂಕಟಗಿರಿಯವರ ಬಾಳಿನಲ್ಲಿ ಮತ್ತೆ ಮತ್ತೆ ಎದುರಾಯಿತು. ಅದಕ್ಕಾಗಿಯೇ ಅವರನ್ನು ಈ ದಿನ ನೆನೆಯುತ್ತಿದ್ದೇನೆ.

ಇಲ್ಲಿಂದ ಹೌರಾ ಕಡೆಯ ರೈಲು ಹತ್ತಿದರೆ ಬರ್ಹಾಂಪುರ ಸಿಕ್ಕುತ್ತದೆ. ಅಲ್ಲಿನ ತೆಲುಗು ಮನೆಯೊಂದರಲ್ಲಿ 1894ರ ಆಗಸ್ಟ್ 10ರಂದು ಗಿರಿಯವರು ಹುಟ್ಟಿದರು. ತಂದೆ ಜೋಗಯ್ಯ ಪಂತುಲು ಅವರು ವಕೀಲರು. ಆಗ ಆ ಊರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1936ರಲ್ಲಿ ಒರಿಸ್ಸಾ ಪ್ರಾಂತವಾದಾಗ ಅದಕ್ಕೆ ಸೇರಿಹೋಯಿತು. ಮನೆ ಕದಲಲಿಲ್ಲ, ಪ್ರಾಂತವೇ ಕದಲಿತು! ಬಳ್ಳಾರಿ, ಆದವಾನಿ, ಮಡಕಶಿರಾ ಕಡೆಯಿಂದ ಬಂದವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತರ ಹರೆಯದಲ್ಲಿ, 1913ರಲ್ಲಿ, ಅವರು ಕಾನೂನು ಕಲಿಯಲು ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಹೋದರು. ಅದೂ ಬ್ರಿಟಿಷರ ಅಧೀನದಲ್ಲಿದ್ದ ನಾಡು. ಪುಸ್ತಕದಲ್ಲಿ ಕಾನೂನು ಓದುತ್ತ, ಬೀದಿಯಲ್ಲಿ ಸ್ವಾತಂತ್ರ್ಯದ ಹೋರಾಟ ಕಂಡರು. 1916ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ದಂಗೆಯೆದ್ದಿತು. ಅದರ ನಾಯಕರೊಡನೆ ಸಂಬಂಧವಿದೆಯೆಂಬ ಸಂಶಯದ ಮೇಲೆ ಸರ್ಕಾರ ಗಿರಿಯವರಿಗೆ ದೇಶ ಬಿಡುವಂತೆ ಆಜ್ಞೆ ಮಾಡಿತು. ಬ್ಯಾರಿಸ್ಟರ್ ಪದವಿಯೇನೋ ಕೈಗೆ ಬಂತು, ನೆಲ ಕೈಬಿಟ್ಟಿತು. ಪರಸ್ಥಳದವನ ನೆಲೆ ಎಷ್ಟು ಸಡಿಲವೆಂಬುದನ್ನು ಅವರು ಅಲ್ಲಿ ಸ್ವಂತ ಅನುಭವದಿಂದ ಕಲಿತರೆಂದು ನಾನು ತಿಳಿದಿದ್ದೇನೆ.

ಊರಿಗೆ ಮರಳಿ ವಕೀಲಿ ಹಿಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯಲ್ಲಿ ಅದನ್ನು ಬಿಟ್ಟರು. ಆಮೇಲೆ ಅವರ ಕಕ್ಷಿದಾರರೆಂದರೆ ರೈಲ್ವೆ ಕಾರ್ಮಿಕರು. ಕಲ್ಕತ್ತೆಯಿಂದ ವಾಲ್ಟೇರಿನವರೆಗಿನ ಹಾದಿ ಆಗ ಬಂಗಾಳ ನಾಗಪುರ ರೈಲ್ವೆ ಕಂಪನಿಯದು. ಕಂಪನಿ ಕೆಲಸದಿಂದ ತೆಗೆದ ನೌಕರರ ಪರವಾಗಿ 1928ರಲ್ಲಿ ಗಿರಿಯವರ ಮುಂದಾಳತ್ವದಲ್ಲಿ ಶಾಂತಿಯುತ ಮುಷ್ಕರ ನಡೆದು, ಕಂಪನಿ ಮಣಿಯಬೇಕಾಯಿತು.

ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ, ಅವರನ್ನು ಸಿಂಹಳಕ್ಕೆ ಭಾರತದ ಹೈಕಮಿಷನರಾಗಿ ಕಳಿಸಿದರು. ಇದು ಅವರ ಬಾಳಿನಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಭಾಗ. ಅಲ್ಲಿನ ಚಹಾ, ರಬ್ಬರ್ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳು ಕೂಲಿಗಳು ಲಕ್ಷಗಟ್ಟಲೆ ಇದ್ದರು. ಸಿಂಹಳ ಸ್ವತಂತ್ರವಾದ 1948ರಲ್ಲೇ ಹೊಸ ಪೌರತ್ವದ ಕಾಯಿದೆ ಬಂತು. ಅಲ್ಲಿ ಹುಟ್ಟಿದ್ದರೆ ಸಾಲದು. ತಂದೆ, ಅಥವಾ ತಾತ ಮುತ್ತಾತರು ಅಲ್ಲೇ ಹುಟ್ಟಿದವರೆಂದು ರುಜುವಾತು ಬೇಕು! ಕೂಲಿ ಲೈನಿನಲ್ಲಿ ಹುಟ್ಟಿದವನ ಅಪ್ಪನ ಜನನಪತ್ರವನ್ನು ಯಾರು ಕಟ್ಟಿಟ್ಟಿದ್ದರು? ಏಳು ಲಕ್ಷಕ್ಕೂ ಮಿಕ್ಕಿದ ಜನ ಯಾವ ದೇಶಕ್ಕೂ ಸೇರದವರಾದರು. ಕಾರ್ಮಿಕರ ವಕೀಲರಾಗಿದ್ದ ರಾಯಭಾರಿಯ ಕಣ್ಣೆದುರಿಗೇ ಇದು ನಡೆಯಿತು. ಅವರು 1951ರಲ್ಲಿ ಹಿಂದಿರುಗಿದಾಗಲೂ ಗಂಟು ಬಿಚ್ಚಿರಲಿಲ್ಲ. 1964ರಲ್ಲಿ ಶಾಸ್ತ್ರಿ–ಸಿರಿಮಾವೋ ಒಪ್ಪಂದವಾಗಿ, ಐದೂಕಾಲು ಲಕ್ಷ ಜನರನ್ನು ಭಾರತಕ್ಕೂ ಮೂರು ಲಕ್ಷ ಜನರನ್ನು ಸಿಂಹಳಕ್ಕೂ ಹಂಚಿದರು. ಹೀಗೆ ಮರಳಿದವರಲ್ಲಿ ಕೆಲವರಿಗೆ ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರ ಮಕ್ಕಳು ಮೊಮ್ಮಕ್ಕಳು ಈಗ ಕನ್ನಡ ಶಾಲೆಯಲ್ಲಿ ಓದುತ್ತಾರೆ. ನಾವು ಇಲ್ಲಿ ಹೇಗೋ ಅವರು ಅಲ್ಲಿ ಹಾಗೆ.

ಇನ್ನು ನನ್ನ ಉದ್ಯೋಗಕ್ಕೆ ಸೇರಿದ ಒಂದು ಮಾತು. 1952ರಲ್ಲಿ ಗಿರಿಯವರು ಕೇಂದ್ರದ ಕಾರ್ಮಿಕ ಮಂತ್ರಿಗಳಾದರು. ಬ್ಯಾಂಕ್ ನೌಕರರ ಸಂಬಳದ ವ್ಯಾಜ್ಯದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ 1954ರಲ್ಲಿ ತೀರ್ಪು ಕೊಟ್ಟಿತು. ಸರ್ಕಾರ ಅದನ್ನು ನೌಕರರಿಗೆ ನಷ್ಟವಾಗುವಂತೆ ತಿದ್ದಿತು. ಗಿರಿಯವರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಪರರ ಸಂಬಳಕ್ಕಾಗಿ ತನ್ನ ಕುರ್ಚಿ ಬಿಟ್ಟವರು ಎಷ್ಟು ಮಂದಿ ಸಿಕ್ಕಾರು? ಮುಂದೆ ಗಜೇಂದ್ರಗಡ್ಕರ್ ಆಯೋಗ ಕೂತು, ನೌಕರರಿಗೆ ಬಹುಮಟ್ಟಿಗೆ ನ್ಯಾಯ ದೊರಕಿತು.

1965ರಿಂದ 1967ರವರೆಗೆ ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು, ಬಳಿಕ ಉಪರಾಷ್ಟ್ರಪತಿ. ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ, 1969ರ ಜುಲೈ 19ರಂದು, 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು. ಮಾರನೆಯ ದಿನ ಆ ಸ್ಥಾನ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತು ಗೆದ್ದರು. ಆ ಹದಿನಾಲ್ಕರಲ್ಲಿ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಕನ್ನಡ ನೆಲದಲ್ಲಿ ಹುಟ್ಟಿದವು. ಈ ಸಭೆಯಲ್ಲಿ ಬ್ಯಾಂಕಿನ ವರ್ಗಾವಣೆಯಿಂದಲೇ ಕೃಷ್ಣೆಯ ದಡಕ್ಕೋ ಈ ಕಡಲ ತಡಿಗೋ ಬಂದ ಸಂಸಾರಗಳು ಎಷ್ಟಿವೆಯೋ ನೀವೇ ಎಣಿಸಿಕೊಳ್ಳಿ. ರಾಷ್ಟ್ರಪತಿಯಾಗಿ ಅವರು ಪ್ರಧಾನಿಯ ಮಾತಿಗೆ ತೀರ ತಲೆಬಾಗಿದರೆಂಬ ಟೀಕೆ ಉಂಟು; ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 1973ರ ನವೆಂಬರ್ 1ರಂದು ನಮ್ಮ ನಾಡು ಕರ್ನಾಟಕವೆಂಬ ಹೆಸರು ಪಡೆದಾಗ ರಾಷ್ಟ್ರಪತಿಗಳಾಗಿದ್ದವರು ಇದೇ ಗಿರಿಯವರು.

ಅವರ ಅವಧಿಯಲ್ಲೇ, 1974ರ ಜುಲೈಯಲ್ಲಿ, ಆಂಧ್ರದ ಕಾಲೇಜುಗಳ ಪ್ರವೇಶಕ್ಕಾಗಿ ರಾಷ್ಟ್ರಪತಿಗಳ ಆದೇಶ ಹೊರಟಿತು. "ಸ್ಥಳೀಯ" ಎಂದರೆ ಯಾರು? ಅರ್ಹತಾ ಪರೀಕ್ಷೆಯ ವರ್ಷವೂ ಸೇರಿ ನಾಲ್ಕು ವರ್ಷ ಎಡೆಬಿಡದೆ ಆ ಪ್ರದೇಶದಲ್ಲಿ ಓದಿದವರು ಎಂದಿತು ಆ ಆದೇಶ. ಮನೆಮಾತು ಯಾವುದೆಂದು ಕೇಳಲಿಲ್ಲ, ತಾತ ಎಲ್ಲಿಯವನೆಂದೂ ಕೇಳಲಿಲ್ಲ. ಸಿಂಹಳದ ಕಾಯಿದೆ ತಾತನ ತೊಟ್ಟಿಲನ್ನು ಹುಡುಕಿತು; ಈ ಆದೇಶ ಮಗುವಿನ ಹಾಜರಿ ಪುಸ್ತಕವನ್ನು ನೋಡಿತು. ಎರಡಕ್ಕೂ ಎಷ್ಟು ಅಂತರ!

ಇದರಿಂದ ನಮಗೇನು ಬುದ್ಧಿ? ಇದ್ದ ಊರು ನಮ್ಮನ್ನು ತನ್ನವರೆಂದು ಎಣಿಸಿದಾಗ, ನಾವೂ ಅದನ್ನು ನಮ್ಮದೆಂದು ಎಣಿಸಬೇಕು. ಬಾಡಿಗೆ ಮನೆಯಂತೆ ಊರನ್ನು ನೋಡುವುದು ತರವಲ್ಲ. ನೆರೆಯವರೊಡನೆ ತೆಲುಗು ಆಡೋಣ, ಇಲ್ಲಿನ ಕಷ್ಟಸುಖಕ್ಕೆ ಆಗೋಣ. ಹಾಗೆಯೇ ಮನೆಯೊಳಗೆ ಕನ್ನಡ ಆರದಂತೆ ನೋಡಿಕೊಳ್ಳೋಣ; ಆ ಕೆಲಸವನ್ನು ಯಾವ ಕಾಯಿದೆಯೂ ಮಾಡಿಕೊಡುವುದಿಲ್ಲ, ತಾಯಿತಂದೆಗಳೇ ಮಾಡಬೇಕು.

ಆ ಅರ್ಜಿಯ ಗತಿ ಏನಾಯಿತೆಂದು ಕೇಳುವಿರಿ. ಸ್ವಸ್ಥಳ: ವಿಜಯವಾಡ ಎಂದು ಬರೆದೆ. ಕೆಳಗಿನ ಕಾಲಮಿನಲ್ಲಿ, ಮಾತೃಭಾಷೆ: ಕನ್ನಡ ಎಂದು ಬರೆದೆ. ಎರಡೂ ನಿಜ.

 ಸಿರಿಗನ್ನಡಂ ಗೆಲ್ಗೆ.