ಗಡ್ಡೆಯೋ, ಧಾನ್ಯವೋ: ವೋಡ್ಕಾದ ಕತೆ



ವೋಡ್ಕಾ ಅಂದರೆ ಆಲೂಗಡ್ಡೆಯಿಂದ ಇಳಿಸಿದ ಮದ್ಯ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಇವತ್ತು ಜಗತ್ತಿನಲ್ಲಿ ತಯಾರಾಗುವ ವೋಡ್ಕಾದಲ್ಲಿ ಬಹುಪಾಲು ಧಾನ್ಯದ್ದೇ. ಗೋಧಿ, ರೈ, ಬಾರ್ಲಿ, ಮೆಕ್ಕೆಜೋಳ ಇವೇ ಅದರ ಮೂಲ. ಆಲೂಗಡ್ಡೆಯದು ಸಣ್ಣ ಪಾಲು. ಹಾಗಿದ್ದೂ ಎರಡರಲ್ಲಿ ಯಾವುದು ಮೇಲು ಎಂಬ ವಾದ ಪೋಲೆಂಡಿನಲ್ಲಿ, ಸ್ವೀಡನ್ನಿನಲ್ಲಿ ಇನ್ನೂ ನಿಂತಿಲ್ಲ. ಈ ವಾದದ ಹಿಂದೆ ಎರಡೂವರೆ ಶತಮಾನಗಳ ಚರಿತ್ರೆ ಇದೆ. ಅದರಲ್ಲಿ ಬಹುಕಾಲ ಕುಡಿಯುವವರ ರುಚಿಯನ್ನು ಯಾರೂ ಕೇಳಲಿಲ್ಲ. ಗಡ್ಡೆಯೋ ಧಾನ್ಯವೋ ಎಂದು ತೀರ್ಮಾನಿಸಿದ್ದು ಜಮೀನ್ದಾರರ ಲೆಕ್ಕದ ಪುಸ್ತಕ ಮತ್ತು ಸರ್ಕಾರದ ಬೊಕ್ಕಸ. ಆ ಕತೆಯನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಬಂದದ್ದು ಧಾನ್ಯ. ವೋಡ್ಕಾ ಹುಟ್ಟಿದ್ದು ತಮ್ಮಲ್ಲೇ ಎಂದು ರಷ್ಯನ್ನರೂ ಪೋಲೆಂಡಿನವರೂ ಪಟ್ಟು ಹಿಡಿಯುತ್ತಾರೆ. ಆ ಜಗಳ ಏನೇ ಇರಲಿ, ಎರಡೂ ಕಡೆ ಶುರುವಾದದ್ದು ಮುಖ್ಯವಾಗಿ ರೈಯಿಂದ. ರೈ ಗೋಧಿಯ ಬಳಗದ ಬೆಳೆ. ಕೊರೆಯುವ ಚಳಿಯನ್ನೂ ಸಾರವಿಲ್ಲದ ಮರಳು ನೆಲವನ್ನೂ ತಾಳಿಕೊಳ್ಳುತ್ತದೆ. ಅಲ್ಲಿನ ಬಡವರ ಕಪ್ಪು ರೊಟ್ಟಿ ಅದರದ್ದೇ. 1534ರಲ್ಲಿ ಕ್ರಾಕೋವ್ ನಗರದಲ್ಲಿ ಸ್ಟೆಫಾನ್ ಫಾಲಿಮಿರ್ಜ್ ಗಿಡಮೂಲಿಕೆಗಳ ಬಗ್ಗೆ ಬರೆದ ಪುಸ್ತಕವೊಂದು ಅಚ್ಚಾಯಿತು. ಬಟ್ಟಿ ಇಳಿಸಿದ ಮದ್ಯ ಅದರಲ್ಲಿ ಬರುವುದು ಔಷಧಿಯಾಗಿ. ಔಷಧಿ ಹೆಂಡದಂಗಡಿಗೆ ಇಳಿಯಲು ಬಹಳ ಕಾಲ ಹಿಡಿಯಲಿಲ್ಲ.

ಆ ಕಾಲದ ಪೋಲೆಂಡಿನ ಸರದಾರರು ವಿಸ್ತುಲಾ ನದಿಯ ಮೇಲೆ ದೋಣಿಗಳಲ್ಲಿ ಧಾನ್ಯವನ್ನು ಗ್ದಾನ್ಸ್ಕ್ ಬಂದರಿಗೆ ಕಳಿಸಿ ಪಶ್ಚಿಮ ಯೂರೋಪಿಗೆ ಮಾರುತ್ತಿದ್ದರು. ಧಾನ್ಯದ ಬೆಲೆ ಬಿದ್ದಾಗ, ಉಳಿದ ಕಾಳನ್ನು ಹಾಳುಮಾಡುವ ಬದಲು ಬಟ್ಟಿ ಇಳಿಸಿದರೆ ಲಾಭ ಎಂಬ ದಾರಿ ಅವರಿಗೆ ಕಂಡಿತು. ತನ್ನ ಹಳ್ಳಿಗಳಲ್ಲಿ ಮದ್ಯ ತಯಾರಿಸುವ, ಮಾರುವ ಹಕ್ಕು ಸರದಾರನೊಬ್ಬನದೇ. ಈ ಹಕ್ಕಿಗೆ ಪ್ರೊಪಿನಾತ್ಸ್ಯ ಎಂದು ಹೆಸರು. ಹಳ್ಳಿಯ ಜೀತದಾಳು ಬೇರೆ ಕಡೆ ಕುಡಿಯುವ ಹಾಗಿರಲಿಲ್ಲ. ಎಷ್ಟೋ ಜಹಗೀರುಗಳಲ್ಲಿ ಇಂತಿಷ್ಟು ಮದ್ಯ ಕೊಳ್ಳಲೇಬೇಕು ಎಂಬ ಕಟ್ಟಳೆಯೂ ಇತ್ತು. ಬೆಳೆದವನೂ ಅವನೇ, ಅದನ್ನೇ ಮದ್ಯವಾಗಿ ಕೊಂಡು ಸಾಲಗಾರನಾದವನೂ ಅವನೇ. ವೋಡ್ಕಾದ ಚರಿತ್ರೆ ಹೇಳುವಾಗ ಈ ಮನುಷ್ಯನನ್ನು ಮರೆಯಬಾರದು.

ಇನ್ನು ಆಲೂಗಡ್ಡೆಯ ಸರದಿ. ಆಂಡಿಸ್ ಪರ್ವತಗಳಿಂದ 16ನೇ ಶತಮಾನದಲ್ಲಿ ಯೂರೋಪಿಗೆ ಬಂದ ಈ ಗಡ್ಡೆ ಬಹಳ ಕಾಲ ಶ್ರೀಮಂತರ ತೋಟಗಳಲ್ಲಿ ಅಪರೂಪದ ಗಿಡವಾಗಿಯೇ ಉಳಿದಿತ್ತು. ಅದರಿಂದ ಹಿಟ್ಟನ್ನೂ ಮದ್ಯವನ್ನೂ ತೆಗೆಯುವ ಕ್ರಮವನ್ನು ಪರೀಕ್ಷಿಸಿ ವಿಜ್ಞಾನ ಅಕಾಡೆಮಿಗೆ ಬರೆದು ತಿಳಿಸಿದವರು ಸ್ವೀಡನ್ನಿನ ಇವಾ ಎಕೆಬ್ಲಾಡ್. ಮದ್ಯಕ್ಕೆ ಮಾತ್ರವಲ್ಲ, ಅಂದಿನ ಸಿರಿವಂತರು ಕೂದಲಿಗೆ ಹಚ್ಚುತ್ತಿದ್ದ ಪುಡಿಗೂ ಆಲೂಗಡ್ಡೆಯ ಹಿಟ್ಟು ಸಾಕು, ಅವಕ್ಕೆ ಹೋಗುತ್ತಿದ್ದ ಧಾನ್ಯ ರೊಟ್ಟಿಗೆ ಉಳಿಯಲಿ ಎಂಬುದು ಈ ಕೆಲಸದ ಫಲವಾಗಿತ್ತು. 1748ರಲ್ಲಿ, ತಮ್ಮ 24ನೇ ವಯಸ್ಸಿನಲ್ಲಿ, ಅವರು ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಕಾಳನ್ನು ಉಳಿಸಲು ಬಂದ ಗಡ್ಡೆ ಮುಂದೆ ಮದ್ಯದ ಹೊಳೆಯನ್ನೇ ಹರಿಸಿತು. ಅದಕ್ಕೆ ಕಾರಣ ಸರಳ ಲೆಕ್ಕ. ಆಲೂಗಡ್ಡೆಯಲ್ಲಿ ಪಿಷ್ಟ ನೂರಕ್ಕೆ 15ರಿಂದ 20 ಪಾಲು, ಉಳಿದದ್ದು ಹೆಚ್ಚಿನಂಶ ನೀರು. ರೈಯಲ್ಲಿ ಪಿಷ್ಟ 60ರ ಆಸುಪಾಸು. ಮುಕ್ಕಾಲು ಲೀಟರಿನ ಒಂದು ಶೀಶೆ ವೋಡ್ಕಾಕ್ಕೆ ಸುಮಾರು 3 ಕಿಲೋ ಆಲೂಗಡ್ಡೆ ಬೇಕು, ರೈಯಾದರೆ 1 ಕಿಲೋದೊಳಗೆ ಮುಗಿಯುತ್ತದೆ. ತೂಕ ನೋಡಿದರೆ ಧಾನ್ಯವೇ ಗೆದ್ದಂತೆ. ಆದರೆ ಜಮೀನ್ದಾರ ತೂಕ ನೋಡಲಿಲ್ಲ, ನೆಲ ನೋಡಿದ. ಅದೇ ಮರಳು ನೆಲದ ಒಂದು ಎಕರೆಯಲ್ಲಿ ಆಲೂಗಡ್ಡೆ ಎಷ್ಟು ಇಳುವರಿ ಕೊಡುತ್ತಿತ್ತೆಂದರೆ, ಅದರಿಂದ ಸಿಗುವ ಮದ್ಯ ರೈಯಿಂದ ಸಿಗುವುದರ ಎರಡು ಪಟ್ಟನ್ನೂ ಮೀರುತ್ತಿತ್ತು.

ಯಂತ್ರವೂ ಕೈಜೋಡಿಸಿತು. 1817ರಲ್ಲಿ ಬರ್ಲಿನ್ನಿನ ಯೋಹಾನ್ ಪಿಸ್ಟೋರಿಯಸ್ ಹೊಸ ಬಗೆಯ ಬಟ್ಟಿ ಯಂತ್ರಕ್ಕೆ ಪೇಟೆಂಟ್ ಪಡೆದ. ಅಂಬಲಿಯ ಹಾಗೆ ಗಟ್ಟಿಯಾಗಿರುವ ಆಲೂಗಡ್ಡೆಯ ಗಂಜಿಯಿಂದ ಕಡು ಮದ್ಯವನ್ನು ಒಂದೇ ಸಲಕ್ಕೆ ಇಳಿಸುವುದು ಇದರಿಂದ ಸಾಧ್ಯವಾಯಿತು. ಎಲ್ಬೆ ನದಿಯ ಪೂರ್ವಕ್ಕಿದ್ದ ಪ್ರಷ್ಯಾ ರಾಜ್ಯದ ಭಾಗದಲ್ಲೂ ಪೋಲೆಂಡಿನಲ್ಲೂ ಜಹಗೀರಿಗೊಂದು ಭಟ್ಟಿ ಎದ್ದಿತು.

ಆ ಭಟ್ಟಿಯೊಳಗಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶರತ್ಕಾಲದಲ್ಲಿ ಅಗೆದ ಗಡ್ಡೆಯನ್ನು ಮಣ್ಣು ಹೋಗುವ ಹಾಗೆ ತೊಳೆದು ಮರದ ದೊಡ್ಡ ಪೀಪಾಯಿಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಉರುಳೆಗಳ ನಡುವೆ ಹಾಯಿಸಿ ಜಜ್ಜುತ್ತಾರೆ. ಅದಕ್ಕೆ ಬಿಸಿನೀರು, ಮೊಳಕೆ ಬರಿಸಿ ಒಡೆದ ಬಾರ್ಲಿ ಸೇರಿಸಿ ಕೈ ಸುಡುವಷ್ಟು ಬಿಸಿಯಲ್ಲಿ, ಅಂದರೆ 60 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ, ಕದಡುತ್ತ ಇಡುತ್ತಾರೆ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಅಂಟಂಟಾಗಿದ್ದ ಮುದ್ದೆ ತೆಳ್ಳಗಾಗಿ ಸಿಹಿಯಾಗುತ್ತದೆ. ಆರಿಸಿ ಯೀಸ್ಟ್ ಹಾಕಿದರೆ ಮೂರು ನಾಲ್ಕು ದಿನ ಬುಳುಬುಳು ಎಂದು ಹುದುಗುತ್ತದೆ, ಆಮೇಲೆ ಬಟ್ಟಿಗೆ ಹೋಗುತ್ತದೆ. ಆಲೂಗಡ್ಡೆಯ ಮದ್ಯಕ್ಕೂ ಬಾರ್ಲಿಯ ನೆರವು ಬೇಕಿತ್ತು ಎಂಬುದನ್ನು ಗಮನಿಸಿ. ಉಳಿದ ಬಿಸಿ ಗಂಜಿ ದನಗಳ ಮೇವು. ದನಗಳ ಗೊಬ್ಬರ ಮತ್ತೆ ಅದೇ ಮರಳು ನೆಲಕ್ಕೆ. ಕಾಳಾದರೆ ಕಣಜದಲ್ಲಿ ವರ್ಷಗಟ್ಟಲೆ ಇರುತ್ತದೆ. ಗಡ್ಡೆ ಕೊಳೆಯುತ್ತದೆ, ಬೇಸಿಗೆಯೊಳಗೆ ಬಟ್ಟಿಗೆ ಹಾಕಿ ಮುಗಿಸಬೇಕು. ಹೀಗಾಗಿ ಆಲೂಗಡ್ಡೆಯ ಭಟ್ಟಿ ಚಳಿಗಾಲದ ಕಸುಬಾಯಿತು.

ಇದರ ಬೆಲೆ ತೆತ್ತವರು ದುಡಿಯುವವರು. ಅಗ್ಗದ ಆಲೂಗಡ್ಡೆ ಮದ್ಯ ದುಡಿಯುವ ಜನರನ್ನು ಹೇಗೆ ನುಂಗಿತು, ಜಮೀನ್ದಾರರನ್ನು ಹೇಗೆ ಬೆಳೆಸಿತು ಎಂಬುದನ್ನು ಜರ್ಮನ್ ಸಮಾಜವಾದಿ ಚಿಂತಕ ಫ್ರೆಡ್ರಿಕ್ ಏಂಗೆಲ್ಸ್ 1876ರಲ್ಲಿ ಒಂದು ಲೇಖನಮಾಲೆಯನ್ನೇ ಬರೆದು ಬಯಲಿಗೆಳೆದ. ಸ್ವೀಡನ್ನಿನಲ್ಲಿ ಮನೆಮನೆಯಲ್ಲೂ ಬಟ್ಟಿ ಇಳಿಸುವ ರೂಢಿ ಬೆಳೆದು ಕುಡಿತ ಮಿತಿಮೀರಿದಾಗ 1855ರ ಕಾನೂನು ಅದನ್ನು ಕೊನೆಗಾಣಿಸಿತು. ಇನ್ನೊಂದು ಪೆಟ್ಟು ಹೊಲದಿಂದಲೇ ಬಂತು. 1845ರಲ್ಲಿ ಶುರುವಾಗಿ ಯೂರೋಪಿನ ಆಲೂಗಡ್ಡೆಯನ್ನು ನಾಶಮಾಡಿದ ಅಂಗಮಾರಿ ರೋಗ, ನಮ್ಮ ಹಾಸನದ ಬೆಳೆಗಾರರು ಇಂದಿಗೂ ಹೆದರುವ ಅದೇ ರೋಗ. ಒಂದೇ ಬೆಳೆಯನ್ನು ನಂಬಿ ಊಟವನ್ನೂ ಆದಾಯವನ್ನೂ ಅದರ ಮೇಲೆ ನಿಲ್ಲಿಸಿದ ಪ್ರಾಂತ್ಯಗಳು ತತ್ತರಿಸಿದವು.

ರಷ್ಯಾದ ದಾರಿ ಬೇರೆ. ಅಲ್ಲಿ ಧಾನ್ಯದ ಬೆಳೆಯೇ ಮುಖ್ಯವಾಗಿತ್ತು. ಒಂದನೇ ನಿಕೊಲಾಸ್ ಚಕ್ರವರ್ತಿಯ ಸರ್ಕಾರ ಒತ್ತಾಯದಿಂದ ಆಲೂಗಡ್ಡೆ ನೆಡಿಸಲು ಹೊರಟಾಗ 1840ರ ದಶಕದ ಆರಂಭದಲ್ಲಿ ರೈತರು ದಂಗೆಯೆದ್ದರು. 1890ರ ದಶಕದಲ್ಲಿ ಹಣಕಾಸು ಮಂತ್ರಿ ಸೆರ್ಗೈ ವಿಟ್ಟೆ ವೋಡ್ಕಾ ಮಾರಾಟವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದ. ರೈಯ ವೋಡ್ಕಾವೇ ಅಸಲಿ, ಆಲೂಗಡ್ಡೆಯದು ಬಡವರದು ಎಂಬ ರಷ್ಯನ್ನರ ನಂಬಿಕೆ ಬೇರೂರಿದ್ದು ಈ ಹಿನ್ನೆಲೆಯಲ್ಲೇ. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಸರಿಯಾಗಿ ಶುದ್ಧಿ ಮಾಡದ ಆಲೂಗಡ್ಡೆ ಮದ್ಯದಲ್ಲಿ ಮೂಗಿಗೆ ಹೊಡೆಯುವ ಕೆಟ್ಟ ಎಣ್ಣೆಗಳು ಉಳಿದುಬಿಡುತ್ತಿದ್ದವು.

ಆ ದೋಷವನ್ನು ನೀಗಿಸಿದ್ದು ಎತ್ತರದ ಕಂಬದ ಬಟ್ಟಿ ಯಂತ್ರಗಳು. ನೂರಕ್ಕೆ 96 ಪಾಲು ಶುದ್ಧ ಮದ್ಯಸಾರ ತೆಗೆದು ನೀರು ಬೆರೆಸಿ 40ಕ್ಕೆ ಇಳಿಸುವುದು ಇಂದಿನ ಕ್ರಮ. ಹೀಗೆ ಶುದ್ಧಿ ಹೆಚ್ಚಿದಂತೆಲ್ಲ ಮೂಲ ಬೆಳೆಯ ಗುಣವೂ ಮಾಸುತ್ತದೆ. ಹಾಗಾಗಿಯೇ ಪೋಲೆಂಡಿನವರ ಸಾಧನೆ ದೊಡ್ಡದು. 1928ರಲ್ಲಿ ಬಂದ ಲುಕ್ಸುಸೋವಾ, 1990ರ ದಶಕದ ಶೋಪೆನ್ ಎಂಬ ಎರಡು ಬ್ರ್ಯಾಂಡುಗಳೂ ಆಲೂಗಡ್ಡೆಯ ಗುಣವನ್ನು ಉಳಿಸಿಕೊಂಡೇ ಹೆಸರಾದವು. ಅದೇ ದಶಕದ ಬೆಲ್ವೆಡೇರ್ ರೈಯದು. ಸ್ವೀಡನ್ನಿನ ಆಬ್ಸಲೂಟ್ ಚಳಿಗಾಲದ ಗೋಧಿಯದು, ಫಿನ್ಲೆಂಡಿನ ಫಿನ್ಲೆಂಡಿಯಾ ಬಾರ್ಲಿಯದು. ಯಾವ ಬೆಳೆ ಎಂಬುದು ಕೊಳ್ಳುವವನ ಆಯ್ಕೆಯಾದದ್ದು ಈ ಕಾಲದಲ್ಲೇ.

ಆಗ ಹೊಸ ಜಗಳ ಎದ್ದಿತು. ದ್ರಾಕ್ಷಿಯಿಂದ, ಇತರ ಬೆಳೆಗಳಿಂದ ಮಾಡಿದ್ದನ್ನೂ ವೋಡ್ಕಾ ಎಂದು ಕರೆಯಬಹುದೇ? ಪೋಲೆಂಡ್, ಸ್ವೀಡನ್, ಫಿನ್ಲೆಂಡ್ ಮತ್ತು ಬಾಲ್ಟಿಕ್ ದೇಶಗಳು ಕೂಡದು ಎಂದವು. ಯೂರೋಪಿಯನ್ ಒಕ್ಕೂಟ 2008ರ ನಿಯಮದಲ್ಲಿ ನಡುದಾರಿ ಹಿಡಿಯಿತು. ಧಾನ್ಯ, ಆಲೂಗಡ್ಡೆ ಬಿಟ್ಟು ಬೇರೆಯದರಿಂದ ಮಾಡಿದ್ದರೆ ಅದನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಪೋಲೆಂಡ್ 2013ರಿಂದ ಇನ್ನೂ ಬಿಗಿಯಾಯಿತು. ಪೋಲಿಷ್ ವೋಡ್ಕಾ ಎಂಬ ಹೆಸರು ಬೇಕಿದ್ದರೆ ಆ ನೆಲದಲ್ಲೇ ಬೆಳೆದ ರೈ, ಗೋಧಿ, ಬಾರ್ಲಿ, ಓಟ್ಸ್, ಗೋಧಿ-ರೈಗಳ ಮಿಶ್ರತಳಿಯಾದ ಟ್ರಿಟಿಕೇಲ್ ಅಥವಾ ಆಲೂಗಡ್ಡೆಯೇ ಆಗಬೇಕು. ನಮ್ಮ ದೇಶದಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೂ ಮದ್ಯಸಾರ ತೆಗೆಯುವ ರೂಢಿ ಹಳೆಯದು. ಅಂಥದ್ದನ್ನು ವೋಡ್ಕಾ ಎಂದು ಯೂರೋಪಿನಲ್ಲಿ ಮಾರುವುದಾದರೆ ಕಾಕಂಬಿಯದೆಂದು ಬರೆಯಲೇಬೇಕು.

ಹಾಗಾದರೆ ಆರಿಸುವುದು ಹೇಗೆ? ಐಸಿನಲ್ಲಿಟ್ಟು ಕೊರೆಯುವಷ್ಟು ತಣ್ಣಗಾಗಿಸಿದ ವೋಡ್ಕಾದಲ್ಲಿ ವ್ಯತ್ಯಾಸ ತಿಳಿಯದು, ಚಳಿ ಪರಿಮಳವನ್ನು ಅಡಗಿಸುತ್ತದೆ. ಕೋಣೆಯ ಬಿಸಿಯಲ್ಲಿ ಎರಡು ಸಣ್ಣ ಲೋಟಗಳಿಗೆ ಸ್ವಲ್ಪ ಸ್ವಲ್ಪ ಹಾಕಿ, ನಾಲ್ಕು ಹನಿ ನೀರು ಬೆರೆಸಿ, ಮೊದಲು ಮೂಸಿ ನೋಡಬೇಕು. ರೈಯದರಲ್ಲಿ ಮೆಣಸಿನ ಖಾರದಂಥ ಚುರುಕು, ಗೋಧಿಯದರಲ್ಲಿ ಮೆದುತನ, ಆಲೂಗಡ್ಡೆಯದರಲ್ಲಿ ನಾಲಿಗೆಯ ಮೇಲೆ ಕೆನೆಯ ಹಾಗೆ ನಿಲ್ಲುವ ದಪ್ಪ. ಉಪ್ಪು ಮೀನು, ಉಪ್ಪಿನಕಾಯಿಯ ಜೊತೆಗೆ ರೈ ಹೊಂದುತ್ತದೆ, ಏನನ್ನೂ ಬೆರೆಸದೆ ನಿಧಾನಕ್ಕೆ ಸವಿಯಲು ಆಲೂಗಡ್ಡೆಯದು ಚೆಂದ. ಧಾನ್ಯದ ವೋಡ್ಕಾದಲ್ಲಿ ಕೆಲವರಿಗೆ ಒಗ್ಗದ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆಂಬ ಭಯವೂ ಬೇಡ. ಗ್ಲುಟೆನ್ ಹಬೆಯಾಗಿ ಮೇಲೇರುವುದಿಲ್ಲ, ಸರಿಯಾಗಿ ಬಟ್ಟಿ ಇಳಿಸಿದ ಮದ್ಯದಲ್ಲಿ ಅದು ಉಳಿಯುವುದಿಲ್ಲ. ಎಷ್ಟು ಸಲ ಬಟ್ಟಿ ಇಳಿಸಿದೆ ಎಂಬ ಜಾಹೀರಾತಿನ ಸಂಖ್ಯೆಗೆ ಮರುಳಾಗಬೇಡಿ. ಬೆಳೆಯ ಗುಣ ಅದರಿಂದ ಹೆಚ್ಚುವುದಿಲ್ಲ.

ನನ್ನ ತೀರ್ಮಾನ ಇಷ್ಟು. ಗಡ್ಡೆ ಕೀಳಲ್ಲ, ಧಾನ್ಯ ಮೇಲಲ್ಲ. ಕುಡಿಯದವರಿಗೆ ಈ ಕತೆ ಕತೆಯಾಗಿಯೇ ಸಾಕು, ಅದಕ್ಕಾಗಿ ಯಾರೂ ಕುಡಿತ ಕಲಿಯಬೇಕಾಗಿಲ್ಲ. ಕುಡಿಯುವವರು ಮಿತಿಯಲ್ಲಿರಲಿ, ಯಾವ ಬೆಳೆಯಿಂದ, ಯಾವ ನೆಲದಿಂದ ಎಂದು ಹೆಸರಿಸಿ ಹೇಳುವ ಶೀಶೆಯನ್ನೇ ಕೇಳಿ ಕೊಳ್ಳಲಿ. ಬೆಳೆದ ರೈತನ ಶ್ರಮಕ್ಕೆ ಸಲ್ಲಬೇಕಾದ ಗೌರವ ಅದು.